ಮೇಲಿನ ಕೋರ್ಟಿಗೆ ಹೋದ್ರೆ ಶಿಕ್ಷೆ ಜಾಸ್ತಿ ಆಗ್ತದಾ?

ಹಳ್ಳಿಯಿಂದ ಒಬ್ಬ ಬಿಇ ಓದಿ ಬೆಂಗಳೂರು ಸೇರಿದ ಅಂದ್ರೆ ಅವನಿಗೆ ಎಲ್ಲ ಇಂಗ್ಲಿಷ್ ಕಾಗದವೂ ಅರ್ಥವಾಗ್ತದೆ ಅಂತ ಊರವರ ಲೆಕ್ಕ. ಬ್ಯಾಂಕ್ ನೋಟಿಸು, ಆಸ್ಪತ್ರೆ ರಿಪೋರ್ಟು, ಜಮೀನು ತಕರಾರಿನ ಆದೇಶ, ವರದಮೂಲಕ್ಕೆ ಹೋದಾಗಲೆಲ್ಲ ಒಂದಾದರೂ ನನ್ನ ಕೈಗೆ ಬರುತ್ತದೆ. ಈ ಸಲ ಬಂದದ್ದು ಇಪ್ಪತ್ತಾರು ಪುಟದ ಕ್ರಿಮಿನಲ್ ತೀರ್ಪು.

ತಂದವರು ನಮ್ಮನೆಗೆ ಅಡಿಕೆ ಸುಲಿಯಲು ಬರುತ್ತಿದ್ದ ಅಕ್ಕ. ಅವರ ಮಗ ಬಾಡಿಗೆ ಕಾರಿನ ಡ್ರೈವರ್. ಹೊರಜಿಲ್ಲೆಯೊಂದರಲ್ಲಿ ಅವನ ಇಬ್ಬರು ಗೆಳೆಯರು ವ್ಯಾಪಾರಿಯೊಬ್ಬರನ್ನು ಆ ಕಾರಿಗೆ ಹತ್ತಿಸಿಕೊಂಡು ಹೆದರಿಸಿ ದುಡ್ಡು, ಮೊಬೈಲು ಕಿತ್ತುಕೊಂಡಿದ್ದರು. ಅಪಹರಣ, ಸುಲಿಗೆ ಎರಡೂ ಸಾಬೀತು ಅಂತ ಮೂವರಿಗೂ ಮೂರು ವರ್ಷ. (ಪೇಪರಿನವರು ದರೋಡೆ ಅಂತ ಬರೆಯುತ್ತಾರೆ. ಕಾನೂನಿನಲ್ಲಿ ಐದು ಜನಕ್ಕಿಂತ ಕಮ್ಮಿ ಇದ್ದರೆ ಅದು ಸುಲಿಗೆ.) ಹುಡುಗ ಅಮಾಯಕ ಅಂತ ವಾದಿಸಲು ನಾನಿದನ್ನು ಬರೆಯುತ್ತಿಲ್ಲ.

"ತಮ್ಮಾ, ಮೇಲಿನ ಕೋರ್ಟಿಗೆ ಹೋದ್ರೆ ಶಿಕ್ಷೆ ಜಾಸ್ತಿ ಮಾಡ್ತಾರಂತಲ್ಲ, ಹೌದಾ?" ಅಂದರು. ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಲು ಇರುವುದು ಮೂವತ್ತು ದಿನ. ಅದರಲ್ಲಿ ಹತ್ತೊಂಬತ್ತು ದಿನ ಈ ಹೆದರಿಕೆಯಲ್ಲೇ ಹೋಗಿತ್ತು.

ಹೆದರಿಕೆ ಬುಡವಿಲ್ಲದ್ದೇನಲ್ಲ. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಹೊತ್ತೊಯ್ದ ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಒಂದು, ಮೈಸೂರು ಜೈಲಿನ ಟಾಡಾ ಕೈದಿಗಳ ಬಿಡುಗಡೆ. ಸರ್ಕಾರ ಒಪ್ಪಿಯೂ ಬಿಟ್ಟಿತ್ತು. ವೀರಪ್ಪನ್ ಕೊಂದಿದ್ದ ಸಬ್ ಇನ್‌ಸ್ಪೆಕ್ಟರೊಬ್ಬರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋಗಿ ಅದನ್ನು ತಡೆದರು. ಕೇಸುಗಳು ನಡೆದವು. ಇಪ್ಪತ್ತೆರಡು ಜನ ಸತ್ತ 1993ರ ಪಾಲಾರ್ ನೆಲಬಾಂಬ್ ಪ್ರಕರಣದಲ್ಲಿ 2001ರಲ್ಲಿ ಮೈಸೂರಿನ ಟಾಡಾ ಕೋರ್ಟು ಜೀವಾವಧಿ ಕೊಟ್ಟಿತು. ಟಾಡಾದಲ್ಲಿ ಹೈಕೋರ್ಟಿನ ಮೆಟ್ಟಿಲೇ ಇಲ್ಲ, ನೇರ ಸುಪ್ರೀಂ ಕೋರ್ಟು. ನಾಲ್ವರು ಅಲ್ಲಿ ಬಿಡುಗಡೆ ಕೇಳಿದರು. 2004ರ ಜನವರಿಯಲ್ಲಿ ಸಿಕ್ಕಿದ್ದು ಗಲ್ಲು. ಅದು ಮತ್ತೆ ಜೀವಾವಧಿಗೆ ಇಳಿಯಲು ಹತ್ತು ವರ್ಷ ಬೇಕಾಯಿತು. (ರಾಜ್ ಅಪಹರಣದ ಕೇಸು 2018ರಲ್ಲಿ ಗೋಬಿಚೆಟ್ಟಿಪಾಳ್ಯದಲ್ಲಿ ಉಳಿದಿದ್ದ ಒಂಬತ್ತು ಆರೋಪಿಗಳ ಖುಲಾಸೆಯಲ್ಲಿ ಮುಗಿಯಿತು!)

ಆದರೆ ಅದು ಸುಪ್ರೀಂ ಕೋರ್ಟಿನ ಮಾತು. ಸೆಷನ್ಸ್ ಕೋರ್ಟಿನಲ್ಲಿ ಹಾಗಲ್ಲ. ಶಿಕ್ಷೆ ಏರಬೇಕಾದರೆ ಸರ್ಕಾರ ಬೇರೆಯಾಗಿ ಕೇಳಬೇಕು, ಆರೋಪಿಗೆ ನೋಟಿಸು ಕೊಟ್ಟು ಅವನ ವಾದವನ್ನೂ ಕೇಳಬೇಕು. ಆರೋಪಿ ಮಾತ್ರ ಹಾಕಿದ ಮೇಲ್ಮನವಿಯಲ್ಲಿ ಹೈಕೋರ್ಟು ಕೂಡ ಶಿಕ್ಷೆ ಹೆಚ್ಚಿಸುವಂತಿಲ್ಲ ಅಂತ 2025ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇದನ್ನು ಅಕ್ಕನಿಗೆ ಮೂರು ಸಲ ಹೇಳಿದೆ. ಮೂರನೇ ಸಲ ತಲೆಯಾಡಿಸಿದರು.

ಆಮೇಲೆ ಇನ್ನೊಂದು ಆಸೆ ಎದ್ದಿತು. "ಹಂಗಾರೆ ಅವ್ನೇ ಹೋಗಿ ಜಡ್ಜ್ ಹತ್ರ ಎಲ್ಲ ಹೇಳ್ತಾನೆ." ಇದಕ್ಕೆ ಉತ್ತರ ಕೊಡುವುದೇ ಕಷ್ಟವಾಯಿತು. ಮೇಲ್ಮನವಿಯಲ್ಲಿ ವಿಚಾರಣೆ ಹೊಸದಾಗಿ ಶುರುವಾಗುವುದಿಲ್ಲ. ನಮ್ಮಲ್ಲಿ ಸರ್ವರ್ ಬಿದ್ದರೆ ಮಾರನೇ ದಿನ ಲಾಗ್ ಓದುತ್ತೇವಲ್ಲ, ಹಾಗೆ. ಕೆಳಗಿನ ಕೋರ್ಟಿನಲ್ಲಿ ದಾಖಲಾದ ಸಾಕ್ಷ್ಯವನ್ನೇ ಮತ್ತೆ ಓದಿ ತೂಗುತ್ತಾರೆ. ಅಲ್ಲಿ ಬರೆಯದೇ ಹೋದ ಮಾತು ಇಲ್ಲಿ ಹುಟ್ಟುವುದು ತೀರಾ ಅಪರೂಪ.

ಹಾಗಂತ ಓದುವುದು ಸಣ್ಣ ಕೆಲಸವಲ್ಲ. 2011ರಲ್ಲಿ ಹೈದರಾಬಾದಿನ ಆಟೊ ಚಾಲಕನೊಬ್ಬ ಶಾಲೆಯ ಹುಡುಗನನ್ನು ಕರೆದೊಯ್ದು ಎರಡು ಲಕ್ಷ ಕೇಳಿದ್ದ. ಐಪಿಸಿ 364ಎ ಪ್ರಕಾರ ಜೀವಾವಧಿ ಆಯಿತು, ಹೈಕೋರ್ಟೂ ಎತ್ತಿಹಿಡಿಯಿತು. 2021ರಲ್ಲಿ ಸುಪ್ರೀಂ ಕೋರ್ಟು ಸಾಕ್ಷ್ಯ ಓದಿತು. ಅಪಹರಿಸಿ ದುಡ್ಡು ಕೇಳಿದರಷ್ಟೇ ಆ ಕಲಂ ಪೂರ್ತಿಯಾಗುವುದಿಲ್ಲ, ಕೊಲ್ಲುವ ಅಥವಾ ಗಾಯ ಮಾಡುವ ಬೆದರಿಕೆ ಸಾಬೀತಾಗಬೇಕು. ಹುಡುಗನೇ ತನ್ನನ್ನು ಚೆನ್ನಾಗಿ ನೋಡಿಕೊಂಡರು ಅಂದಿದ್ದ. ಚಾಲಕ ನಿರಪರಾಧಿಯಾಗಲಿಲ್ಲ. ಬರೀ ಅಪಹರಣದ ತಪ್ಪಿಗೆ ಏಳು ವರ್ಷ ಉಳಿಯಿತು. ಏಳು ವರ್ಷಕ್ಕೂ ಜೀವಾವಧಿಗೂ ಎಷ್ಟು ಅಂತರ ಅಂತ ಕಾಯುವ ತಾಯಿಗೆ ಬಿಡಿಸಿ ಹೇಳಬೇಕಿಲ್ಲ.

ಅಕ್ಕನ ಮಗನ ತೀರ್ಪಿನ ಹದಿನಾಲ್ಕನೇ ಪುಟದಲ್ಲಿ ವ್ಯಾಪಾರಿಯ ಪಾಟೀಸವಾಲು ಇದೆ: ಚಾಲಕ ಹಿಂದೆ ತಿರುಗಲಿಲ್ಲ, ಏನೂ ಮಾತಾಡಲಿಲ್ಲ, ಏನೂ ಮುಟ್ಟಲಿಲ್ಲ. ಇಪ್ಪತ್ತೆರಡನೇ ಪುಟದಲ್ಲಿ, ಮೂವರಿಗೂ ಸಮಾನ ಉದ್ದೇಶವಿತ್ತು ಅಂತ ಒಂದೇ ಸಾಲು. ಗೊತ್ತಿದ್ದೂ ಕಾರು ಓಡಿಸಿದ್ದರೆ ಆ ಸಾಲು ನಿಲ್ಲುತ್ತದೆ. ಗೊತ್ತಿತ್ತು ಅನ್ನುವುದಕ್ಕೆ ಆಧಾರವೇನು ಅಂತ ತೀರ್ಪು ಹೇಳುವುದಿಲ್ಲ.

ಎರಡೂ ಪುಟದ ಮೂಲೆ ಮಡಚಿ ಕೊಟ್ಟೆ. ಜೈಲಿನಲ್ಲಿರುವವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ. ಇಪ್ಪತ್ತೇಳನೇ ದಿನ ಮೇಲ್ಮನವಿ ದಾಖಲಾಯಿತು, ಜೊತೆಗೆ ಅದು ತೀರ್ಮಾನವಾಗುವ ತನಕ ಶಿಕ್ಷೆ ಅಮಾನತಿನಲ್ಲಿಡಿ ಅನ್ನುವ ಅರ್ಜಿ. ಅರ್ಜಿಗೆ ಮುಂದಿನ ಸೋಮವಾರ ದಿನಾಂಕ ಕೊಟ್ಟಿದ್ದಾರೆ.