ತುಕ್ಕು ಹಿಡಿಸಿದ ಕಥೆ

ಹೊಸ ವಸ್ತುವನ್ನು ಹಳೆಯದಾಗಿಸುವ ಕೆಲಸಕ್ಕೆ ನಾನು ಕೈಹಾಕಿದಾಗ ನಮ್ಮ ಮನೆಯಲ್ಲಿ ಯಾರೂ ಅದನ್ನು ಮೆಚ್ಚಲಿಲ್ಲ. ಹಿತ್ತಲಿನ ತೆಂಗಿನ ಮರಗಳ ನಡುವೆ 30 ಅಡಿ ಉದ್ದಕ್ಕೆ ಪುಟ್ಟ ರೈಲುಹಾದಿಯೊಂದನ್ನು ಹಾಸಿದ್ದನ್ನು ಹೇಗೋ ಸಹಿಸಿಕೊಂಡಿದ್ದರು. ಅದರ ಮೇಲೆ ಓಡತಕ್ಕ ಎಂಜಿನ್ನು ಇನ್ನೂ ಇಲ್ಲ. ಸದ್ಯಕ್ಕೆ ನನ್ನ ಬಲಗೈಯೇ ಎಂಜಿನ್ನು.

ಜರ್ಮನಿಯ ಲೇಮನ್ ಕಂಪೆನಿಯವರು 1968ರಲ್ಲಿ ಹೊರತಂದ ಎಲ್.ಜಿ.ಬಿ. ಎಂಬ ತೋಟದ ರೈಲು ಮೀಟರ್ ಗೇಜನ್ನು 22.5ರಲ್ಲಿ ಒಂದು ಪಾಲಿಗೆ ಇಳಿಸಿ, ಹಳಿಗಳ ನಡುವೆ 45 ಮಿಲಿಮೀಟರು ಅಂತರವಿಟ್ಟಿತು. ಮೀಟರ್ ಗೇಜ್ ಎಂದರೆ ನಮ್ಮ ಅರಸೀಕೆರೆಯ ಹಳೆಯ ಗೇಜೇ ಅಲ್ಲವೆ! ನಾನೂ ಅದೇ ಲೆಕ್ಕವನ್ನು ಹಿಡಿದೆ. 20 ಅಡಿ ಉದ್ದದ ಗೂಡ್ಸ್ ವ್ಯಾಗನ್ನು 27 ಸೆಂಟಿಮೀಟರಿಗೆ ಇಳಿಯಿತು. ತಳಕ್ಕೆ ಪ್ಲೈವುಡ್ಡು, ಗೋಡೆಗಳಿಗೆ ಎಣ್ಣೆಡಬ್ಬದ ತಗಡು. ರಿವೆಟ್ಟುಗಳಿಗಾಗಿ ತಗಡನ್ನು ರಟ್ಟಿನ ಮೇಲೆ ಬೋರಲು ಹಾಕಿ, ಕೈವಾರದ ಮೊನೆಯಿಂದ ಒಂದೊಂದಾಗಿ ಒತ್ತಿದೆ. ಒಂದು ಬದಿಗೇ 112 ರಿವೆಟ್ಟು. ಅಷ್ಟರಲ್ಲಿ ಅರ್ಥಶಾಸ್ತ್ರದ ಒಂದು ಅಧ್ಯಾಯವನ್ನು ಮುಗಿಸಬಹುದಾಗಿತ್ತೆಂದು ಅಮ್ಮ ಹೇಳಿದರು. ಗಾಲಿಗಳನ್ನು ಮಾತ್ರ ಲೇತಿನವರಲ್ಲಿ ಕಡೆಸಿ ತಂದೆ.

ಬಣ್ಣ ಬಳಿದ ಮೇಲೆ ನೋಡಿದರೆ ಅದು ಮಿಠಾಯಿ ಪೆಟ್ಟಿಗೆಯಂತೆ ಕಂಡಿತು. ದುಡಿದ ವ್ಯಾಗನ್ನಿಗೆ ತುಕ್ಕು ಬೇಡವೆ? ಎರಡನೆಯದಕ್ಕೆ ಬಣ್ಣ ಹಾಕದೆ, ಮರಳುಕಾಗದದಿಂದ ತಗಡಿನ ತವರದ ಲೇಪವನ್ನು ಉಜ್ಜಿ ತೆಗೆದು, ಉಪ್ಪುನೀರು ಚಿಮುಕಿಸಿ ಮಳೆಯಲ್ಲಿಟ್ಟೆ. ವಾರದೊಳಗೆ ಸೊಗಸಾಗಿ ಕೆಂಪೇರಿತು.

ತಾತ ಬಂದು ನೋಡಿದರು. ಅವರು ಅರಸೀಕೆರೆ ಯಾರ್ಡಿನಲ್ಲಿ ವ್ಯಾಗನ್ ಫಿಟ್ಟರಾಗಿದ್ದವರು. 1992ರಲ್ಲಿ ಆರಂಭವಾದ ಏಕ ಗೇಜ್ ಯೋಜನೆಯಿಂದ ಮೀಟರ್ ಗೇಜ್ ಹಳಿಗಳು ಎದ್ದುಹೋದ ಮೇಲೆ ಅವರು ರೈಲಿನ ಮಾತೆತ್ತಿದ್ದು ಕಡಮೆ.

"ಏನೋ ಇದು?"

"ತುಕ್ಕು, ತಾತ. ಬೇಕಂತಲೇ ಹಿಡಿಸಿದೀನಿ."

"ಮೂವತ್ತು ವರ್ಷ ಇದನ್ನ ಕೆರೆಯೋದೇ ನನ್ನ ಕೆಲಸವಾಗಿತ್ತು ಕಣೋ" ಎಂದವರೇ ಒಳಗೆ ಹೋದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ತಾವೇ ಹಿತ್ತಲಿಗೆ ಬಂದರು. "ಎಲ್ಲಾ ಕಡೆ ಒಂದೇ ಸಮ ಹಿಡಿಯುತ್ತೇನೋ ತುಕ್ಕು? ನೀರು ಎಲ್ಲಿ ನಿಲ್ಲುತ್ತೆ ಹೇಳು." ಬಾಗಿಲ ಕೆಳಪಟ್ಟಿ, ಮೂಲೆಗಳ ಬುಡ ಎಂದು ಬೆರಳಿಟ್ಟು ತೋರಿಸಿದರು. ರಿವೆಟ್ಟಿನ ತಲೆಯಿಂದ ಅದು ಗೆರೆಗೆರೆಯಾಗಿ ಕೆಳಗಿಳಿಯಬೇಕಂತೆ. ಕೊಬ್ಬರಿ ಮೂಟೆ ಉಜ್ಜುವ ಬಾಗಿಲ ಹೊಸ್ತಿಲೂ ಕೈ ಹಿಡಿಯುವ ಬ್ರೇಕಿನ ಹಿಡಿಯೂ ಸವೆದು ಮಿಂಚಬೇಕೇ ಹೊರತು ತುಕ್ಕು ಹಿಡಿಯಕೂಡದು. ಮೇಲಾಗಿ ನಿಜವಾದ ತುಕ್ಕಿಗೆ ನಮ್ಮ ಅಳತೆ ತಿಳಿಯದು: ನನ್ನ ವ್ಯಾಗನ್ನಿನಿಂದ ಎದ್ದ ಒಂದು ಹಕ್ಕಳೆ ದೊಡ್ಡ ವ್ಯಾಗನ್ನಿನಲ್ಲಾದರೆ ಊಟದ ತಟ್ಟೆಯಷ್ಟಾಗುತ್ತಿತ್ತು. "ಎರಡು ಮಳೆಗಾಲಕ್ಕೆ ತೂತು ಬೀಳುತ್ತೆ" ಎಂದರು. ಅದನ್ನೆಲ್ಲ ಕೆರೆದು, ಪ್ರೈಮರ್ ಬಳಿದು ಬಣ್ಣ ಹಚ್ಚಿದ್ದಾಯಿತು. ಬಟ್ಟೆಯಲ್ಲಿ ಜರಡಿ ಹಿಡಿದ ಇಟ್ಟಿಗೆ ಪುಡಿಯನ್ನು ಕಂದು ಬಣ್ಣದಲ್ಲಿ ಕಲಸಿ, ಅವರು ತೋರಿಸಿದಲ್ಲಿ ಮಾತ್ರ ತುಕ್ಕು ಬರೆದೆ. ಕೆರೆಯುವ ಕೆಲಸವನ್ನು ತಾತ ನನಗೆ ಬಿಟ್ಟುಕೊಡಲಿಲ್ಲ.

ಮುಗಿದ ವ್ಯಾಗನ್ನನ್ನು ಹಳಿಯ ಮೇಲೆ ಹಿಂದಕ್ಕೂ ಮುಂದಕ್ಕೂ ತಳ್ಳಿ ಕಿವಿಗೊಟ್ಟರು. ಒಂದು ಗಾಲಿ ಚೌಕಟ್ಟಿಗೆ ತಾಗುತ್ತಿತ್ತು. ಸೀಮೆಸುಣ್ಣ ತರಿಸಿ, ನಡುಗುವ ಕೈಯಿಂದ ಅದರ ಪಕ್ಕದಲ್ಲಿ 'ಸಿಕ್' ಎಂದು ಬರೆದರು. ಯಾರ್ಡಿನಲ್ಲಿ ಕೆಟ್ಟ ವ್ಯಾಗನ್ನಿಗೆ ಹಾಗೆನ್ನುವುದು ರೂಢಿ. ರಿಪೇರಿಗಾಗಿ ಅದನ್ನು ಸಿಕ್ ಲೈನಿಗೆ ಎಳೆದು ನಿಲ್ಲಿಸುತ್ತಾರೆ.

"ನಾನು ಫಿಟ್ ಅನ್ನೋವರೆಗೂ ಇದು ಗಾಡಿಗೆ ಸೇರಕೂಡದು" ಎಂದರು.

ನಮ್ಮ ಹಾದಿಯಲ್ಲಿ ಸಿಕ್ ಲೈನೇ ಇರಲಿಲ್ಲ. ಕೊನೆಯ ತೆಂಗಿನ ಮರದ ಬುಡದಲ್ಲಿ ಅದಕ್ಕಾಗಿ 2 ಅಡಿ ಹಳಿಯನ್ನು ಈಗ ಇಬ್ಬರೂ ಸೇರಿ ಹಾಸುತ್ತಿದ್ದೇವೆ.