ಹೊಳೆಯ ಎದುರು

ಹೊಳೆಯ ಚಿತ್ರವನ್ನು ಮನೆಯೊಳಗೆ ಕುಳಿತು ಬರೆಯುವುದು ಸುಲಭ. ಅಲ್ಲಿ ಹೊಳೆಯು ನಾವು ಹೇಳಿದಂತೆ ಕೇಳುತ್ತದೆ. ಅದರ ಎದುರು ಕುಳಿತಾಗಲಾದರೋ ಅದು ಹೇಳಿದಂತೆ ನಾವು ಕೇಳಬೇಕಾಗುತ್ತದೆ. ಇದನ್ನು ನಾನು ಕಲಿತದ್ದು ಹಂಪೆಯ ಚಕ್ರತೀರ್ಥದ ಬಳಿ, ಜನವರಿ ತಿಂಗಳ ಒಂದು ಮುಂಜಾನೆ.

ಕೋದಂಡರಾಮ ದೇವಾಲಯದ ಮುಂದೆ ತುಂಗಭದ್ರೆಯು ಹೆಬ್ಬಂಡೆಗಳ ನಡುವೆ ಬಳುಕಿ ಹರಿಯುತ್ತಾಳೆ. ಅಲ್ಲಿ ಒಂದು ಹಾಸುಬಂಡೆಯ ಮೇಲೆ ಈಸೆಲ್ಲನ್ನು ನಿಲ್ಲಿಸಿ, ತೈಲವರ್ಣದ ನಳಿಗೆಗಳನ್ನು ಸಾಲಾಗಿ ಜೋಡಿಸಿದೆನು. ಬಯಲಿನ ಚಿತ್ರಕಾರರು ಈ ನಳಿಗೆಗಳಿಗೆ ಋಣಿಗಳು. ಹಿಂದೆ ಯೂರೋಪಿನಲ್ಲಿ ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಕಟ್ಟಿಡುತ್ತಿದ್ದರು. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರನು ತವರದ ನಳಿಗೆಯನ್ನು ರೂಪಿಸಿದ ಮೇಲೆ ತೈಲವರ್ಣವನ್ನು ಹೊತ್ತು ಹೊರಡುವುದು ಸುಲಭವಾಯಿತು. ಫ್ರಾನ್ಸಿನ ಕ್ಲೋದ್ ಮೊನೆಯಂತೂ ಒಂದು ದೋಣಿಯನ್ನೇ ಚಿತ್ರಶಾಲೆಯನ್ನಾಗಿ ಮಾಡಿಕೊಂಡು ಸೇನ್ ನದಿಯ ಮೇಲೆ ಕುಳಿತು ಬರೆದನು.

ನಾನು ಟರ್ಪೆಂಟೈನಿನಲ್ಲಿ ತೆಳುವಾಗಿಸಿದ ಕಂದು ಬಣ್ಣದಿಂದ ಬಂಡೆಗಳ ಆಕಾರವನ್ನು ಗುರುತಿಸಿದೆನು. ನೀರು ನೀಲಿಯೆಂಬುದು ನನ್ನ ಬಾಲ್ಯದ ಪಾಠ. ನೀಲಿಯನ್ನು ಧಾರಾಳವಾಗಿ ಬಳಿದೆನು. ಅಷ್ಟರಲ್ಲಿ ಬಿಸಿಲೇರಿ ನೆರಳುಗಳು ಕುಗ್ಗಿದವು. ಹೊಸ ನೆರಳನ್ನು ಹಿಡಿಯಹೋದರೆ ಅದೂ ಸರಿಯಿತು. ಅಗಸೆಯೆಣ್ಣೆಯ ಬಣ್ಣವು ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗಲು ದಿನಗಳೇ ಬೇಕು. ಹಸಿಯ ಮೇಲೆ ಹಸಿ ಬಳಿದು ನನ್ನ ಚಿತ್ರವು ಕೆಸರಾಯಿತು.

ಹರಿಗೋಲಿನ ಬಳಿ ಕುಳಿತಿದ್ದ ಮುದುಕನೊಬ್ಬನು ಎದ್ದುಬಂದು ಬಹಳ ಹೊತ್ತು ನೋಡಿದನು.

"ಬಣ್ಣ ಚಂದ ಐತಿ. ಆದ್ರ ಈ ಹೊಳ್ಯಾಗ ನಾ ಹರಿಗೋಲು ಬಿಡಂಗಿಲ್ಲ" ಎಂದನು.

ಏಕೆಂದು ಕೇಳಿದೆನು. ಅವನು ನದಿಯ ಕಡೆಗೆ ಬೆರಳು ತೋರಿದನು. ಅಲ್ಲೊಂದೆಡೆ ನೀರು ಸಣ್ಣಗೆ ಸುಕ್ಕುಗಟ್ಟಿತ್ತು.

"ಅದರ ಬುಡಕ ಕಲ್ಲೈತಿ. ನಿಮ್ಮ ನೀರಾಗ ಕಲ್ಲು ಎಲ್ಲಿ ಅದಾವಂತ ನನಗ ಹೆಂಗ ತಿಳೀಬೇಕು?"

ನಾನು ಮೂರು ಗಂಟೆ ಕುಳಿತರೂ ಆ ಸುಕ್ಕನ್ನು ಕಂಡಿರಲಿಲ್ಲ. ಅವನಾದರೋ ಅದನ್ನು ಕಾಣದೆ ಒಂದು ದಿನವೂ ನದಿಯನ್ನು ದಾಟುವಂತಿರಲಿಲ್ಲ. ನಾಚಿಕೆಯಿಂದ ಬಣ್ಣವನ್ನೆಲ್ಲ ಚಾಕುವಿನಿಂದ ಕೆರೆದು ತೆಗೆದೆನು. ಕುಂಚವನ್ನು ಕೆಳಗಿಟ್ಟು ಸುಮ್ಮನೆ ನೋಡತೊಡಗಿದೆನು. ನೀರು ನೀಲಿಯಾಗಿರಲಿಲ್ಲ. ಕಾಲಬಳಿ ತಳದ ಮರಳು ಕಾಣುತ್ತಿತ್ತು. ಬಂಡೆಗಳ ಕೆಳಗೆ ಅವುಗಳ ಬಿಂಬವು ಬಂಡೆಗಿಂತ ತುಸು ಕಪ್ಪಾಗಿತ್ತು. ದೂರದಲ್ಲಿ ಮಾತ್ರ ಆಕಾಶದ ಬಿಳುಪು ಹೊಳೆಯುತ್ತಿತ್ತು.

ಮರುದಿನ ಅದೇ ವೇಳೆಗೆ ಬಂದು, ನೆರಳು ಸರಿಯುವವರೆಗೆ ಒಂದು ಗಂಟೆ ಮಾತ್ರ ಬರೆದೆನು. ಹೀಗೆ ಮೂರು ಮುಂಜಾನೆಗಳು ಕಳೆದವು. ಕೊನೆಯ ದಿನ ಮುದುಕನು ಮತ್ತೆ ಬಂದನು. ನೀರಿನ ಸುಕ್ಕನ್ನು ಹುಡುಕಿ, "ಇಲ್ಲೈತಿ ನೋಡ್ರಿ" ಎಂದು ಅದರ ಮೇಲೆಯೇ ಬೆರಳಿಟ್ಟನು. ಹಸಿ ಬಣ್ಣದಲ್ಲಿ ಅವನ ಬೆರಳಿನ ಗುರುತು ಮೂಡಿತು.

ಆ ಚಿತ್ರವು ಇಂದಿಗೂ ನನ್ನ ಕೋಣೆಯಲ್ಲಿದೆ. ಗುರುತನ್ನು ನಾನು ತಿದ್ದಲಿಲ್ಲ.