ಪಂಜರದಲ್ಲಿ ಪ್ರಯಾಣ

ಯುದ್ಧವೆಲ್ಲ ಮುಗಿದ ಮೇಲೆ ಶ್ರೀರಾಮಚಂದ್ರನು ವಾನರವೀರರನ್ನು ಪುಷ್ಪಕವಿಮಾನದಲ್ಲಿ ಕೂರಿಸಿಕೊಂಡು ಅಯೋಧ್ಯೆಗೆ ಹೋದನಷ್ಟೆ. ಕಪಿಗಳ ವಿಮಾನಯಾನಗಳಲ್ಲಿ ಅದೇ ಮೊದಲನೆಯದು. ನಾನು ಓದಿಕೊಂಡ ಮಟ್ಟಿಗೆ, ಸುಖಕರವಾದುದೂ ಅದೊಂದೇ. 1955ರ ಜನವರಿಯಲ್ಲಿ ನಮ್ಮ ದೇಶದಿಂದ ಅಮೆರಿಕೆಗೆ ಹೊರಟಿದ್ದ 457 ಮಂಗಗಳನ್ನು ಲಂಡನ್ನಿನ ವಿಮಾನನಿಲ್ದಾಣದಲ್ಲಿ ಒಂದು ಮುಚ್ಚಿದ ಗಾಡಿಯೊಳಗೆ ಇಟ್ಟರು. 394 ಉಸಿರುಕಟ್ಟಿ ಸತ್ತುವು. ಎಷ್ಟೋ ಮಕ್ಕಳ ಕಾಲು ಉಳಿಸಿದ ಪೋಲಿಯೋ ಲಸಿಕೆಯ ಕಾಲ ಅದು. ಲಸಿಕೆಯನ್ನು ನಾನು ಹಳಿಯಲಾರೆ. ಆದರೆ ಆ ಗಾಡಿಯಲ್ಲಿ ಗಾಳಿಯಾಡಲು ಒಂದಿಷ್ಟು ಎಡೆ ಬಿಟ್ಟಿದ್ದರೆ ಲಸಿಕೆಗೇನೂ ಊನ ಬರುತ್ತಿರಲಿಲ್ಲ. ಭಾರತ ಸರ್ಕಾರವು ಅದೇ ವರ್ಷ ಮಂಗಗಳ ರಫ್ತನ್ನು ಕೆಲಕಾಲ ತಡೆಯಿತು. 1978ರಲ್ಲಿ ಪೂರ್ತಿಯಾಗಿ ನಿಲ್ಲಿಸಿತು.

ಪ್ರಾಣಿಗಳ ಸಾಗಣೆಯ ನಿಯಮಗಳು ಹೊರಬಂದದ್ದೂ 1978ರಲ್ಲಿಯೇ. ಕಾನೂನಿನ ಒಣ ಭಾಷೆಯ ನಡುವೆ ಅಲ್ಲಲ್ಲಿ ಮನುಷ್ಯತ್ವ ಇಣುಕುವುದನ್ನು ಕಾಣಬೇಕಾದರೆ ಅದರಲ್ಲಿ ಮಂಗಗಳ ಅಧ್ಯಾಯವನ್ನು ಓದಬೇಕು. ಒಂದು ಕಡೆ ಹಿಡಿದುವನ್ನು ಇನ್ನೊಂದು ಕಡೆ ಹಿಡಿದುವುಗಳೊಡನೆ ಬೆರೆಸಕೂಡದು. ಪಂಜರ ಅರೆಗತ್ತಲಲ್ಲಿರಬೇಕು, ಬೆಳಕು ತಗ್ಗಿದರೆ ಮಂಗಗಳ ಜಗಳವೂ ತಗ್ಗುತ್ತದೆ.

ಮೃಗಾಲಯದಿಂದ ಮೃಗಾಲಯಕ್ಕೆ ಸಾಗಿಸುವವರು ಇನ್ನೂ ನಿಧಾನಸ್ಥರು. ಪ್ರಯಾಣದ ಪೆಟ್ಟಿಗೆಯನ್ನು ಬಹಳ ದಿನ ಮೊದಲೇ ಪ್ರಾಣಿಯ ಮನೆಯೊಳಗಿಟ್ಟು, ಊಟವನ್ನು ಅದರಲ್ಲಿಯೇ ಬಡಿಸಿ, ಅದು ತಾನಾಗಿ ಹೋಗಿ ಕೂರುವಂತೆ ಮಾಡುತ್ತಾರೆ. ಕ್ಷಯವುಂಟೇ ಎಂದು ಪರೀಕ್ಷಿಸುತ್ತಾರೆ. ಈ ರೋಗ ಮಂಗಗಳಿಗೆ ನಮ್ಮಿಂದಲೇ ಅಂಟುವುದುಂಟು. ಮೈಸೂರಿನ ಮೃಗಾಲಯಕ್ಕೆ 1995ರಲ್ಲಿ ಡಬ್ಲಿನ್ನಿನಿಂದ ಬಂದ ಪೋಲೋ ಎಂಬ ಗೊರಿಲ್ಲಾ 2014ರಲ್ಲಿ ಜೊತೆಯಿಲ್ಲದೆಯೇ ತೀರಿಕೊಂಡಿತು. 2021ರಲ್ಲಿ ಜರ್ಮನಿಯಿಂದ ತಾಬೋ, ಡೆಂಬಾ ಎಂಬ ಎರಡು ಬಂದುವು, ಅವು ಅಣ್ಣತಮ್ಮಂದಿರು. ಅಗಲಿಸದೆ ತಂದವರ ಬುದ್ಧಿಗೆ ನನ್ನದೊಂದು ನಮಸ್ಕಾರ.

ನಮ್ಮ ಕಲಬುರಗಿಯ ಓಣಿಯಲ್ಲಿ ಇಷ್ಟೊಂದು ಶಾಸ್ತ್ರ ನಡೆಯಲಿಲ್ಲ. ಮಾಳಿಗೆಯ ಮೇಲೆ ಒಣಹಾಕಿದ ತೊಗರಿಬೇಳೆ, ಹಪ್ಪಳ, ಸಂಡಿಗೆ ಎಲ್ಲ ಮಂಗಗಳ ಪಾಲಾಗಿ, ಕಡೆಗೆ ಓಣಿಯವರು ಚಂದಾ ಎತ್ತಿ ಹೊರಗಿನಿಂದ ಹಿಡಿಯುವವನೊಬ್ಬನನ್ನು ಕರೆಸಿದರು. ಅವನು ಪಂಜರದಲ್ಲಿ ಶೇಂಗಾ ಚೆಲ್ಲಿ ಎರಡು ದಿನದಲ್ಲಿ ಹನ್ನೊಂದನ್ನು ಹಿಡಿದ. ಮನಸ್ಸನ್ನು ಮರ್ಕಟಕ್ಕೆ ಹೋಲಿಸುವ ವಚನಗಳನ್ನು ಇಷ್ಟು ವರ್ಷ ಪಾಠ ಹೇಳಿದ್ದೇನೆ. ಪಂಜರದ ಮರ್ಕಟ ಚಂಚಲವಾಗಿರಲಿಲ್ಲ, ಒಂದೇ ಕಡೆ ನೋಡುತ್ತಿತ್ತು. ತಾಯಿ ಒಳಗೆ, ಮರಿ ಹೊರಗೆ ಪಂಜರದ ಮೇಲೆ.

ಟಂಟಂ ಹೊರಡಲು ಸಿದ್ಧವಾಯಿತು. ನಾನು ಅದರ ಮುಂದೆ ನಿಂತೆ.

"ಒಂದು ಮರಿ ಸಲುವಾಗಿ ಬಾಗಿಲಾ ತೆರೆದ್ರ ಹನ್ನೊಂದೂ ಹೋಗ್ತಾವ್ರೀ ಸರ" ಎಂದ ಅವನು. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಕೂಲಿಯ ಪ್ರಶ್ನೆ. ಆದರೂ ಒಳ್ಳೆಯವನು, ಪಂಜರವನ್ನು ಬೇವಿನ ನೆರಳಿಗೆ ಇಳಿಸಿ, ಮೇಲೆ ತಾಡಪತ್ರಿ ಹೊದಿಸಿ ಕೂತ. ಒಳಗಿನ ಗದ್ದಲ ಅಡಗಿತು. ಸುಮಾರು ಒಂದು ತಾಸಿನ ಮೇಲೆ ಬಾಗಿಲನ್ನು ಗೇಣು ಎತ್ತಿದ. ಮರಿ ನುಸುಳಿ ತಾಯಿಯ ಹೊಟ್ಟೆಗೆ ಅಂಟಿಕೊಂಡಿತು. ಉಳಿದವು ಮಿಸುಕಲಿಲ್ಲ. ಆದರೆ ಹಿಂಡಿನ ಇನ್ನರ್ಧ ಗೋಡೆಯ ಮೇಲೆ ಕೂತು ನೋಡುತ್ತಲೇ ಇತ್ತು. ಮಂಗಗಳಲ್ಲಿ ಹೆಣ್ಣುಗಳು ಹುಟ್ಟಿದ ಹಿಂಡಿನಲ್ಲೇ ಬಾಳುತ್ತವೆ; ತವರು ಬಿಟ್ಟು ಹೋಗುವುದು ಹರೆಯದ ಗಂಡು. ಅವ್ವ, ಮಗಳು, ಅಕ್ಕ, ತಂಗಿ ಇವರಲ್ಲಿ ಶೇಂಗಾಕ್ಕೆ ಮೊದಲು ಕೈಚಾಚಿದವರಾರೋ ಅವರಷ್ಟೇ ಊರು ಬಿಟ್ಟರು.

ಎಲ್ಲಿಗೆ ಒಯ್ಯುತ್ತೀಯೆಂದು ಕೇಳಿದೆ. "ಕಮಲಾಪುರದ ಕಡೆ ಗಿಡಗಂಟಿ ಭಾಳ ಅದಾವ್ರೀ" ಎಂದ.

ಕಮಲಾಪುರದಲ್ಲಿ ಗಿಡಗಂಟಿಗಿಂತ ಹೆಸರಾದದ್ದು ಕೆಂಪು ಬಾಳೆ. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಆ ಬಾಳೆ ಬೆಳೆಯುವವರಲ್ಲಿ ನನ್ನ ಸೋದರಮಾವನೂ ಒಬ್ಬ. ಮುಂದಿನ ಭಾನುವಾರ ಹುಮನಾಬಾದ್ ರಸ್ತೆಯ ಬಸ್ಸು ಹಿಡಿದು ಅಲ್ಲಿಗೆ ಹೋದೆ. ಮಾವ ತೋಟದಲ್ಲಿ ಗೊನೆಗಳಿಗೆ ಗೋಣಿತಟ್ಟು ಸುತ್ತುತ್ತಿದ್ದ. ಮಾಮೂಲಿನ ಕ್ಷೇಮಸಮಾಚಾರ ಕೇಳಲಿಲ್ಲ.

"ತಮ್ಮಾ, ನಿಮ್ಮ ಊರಾಗಿನ ಮಂಗ್ಯಾ ಬಂದಾವ" ಎಂದ.

"ನಮ್ಮೂರಿನವು ಅಂತ ಹ್ಯಾಂಗ ಗೊತ್ತಾತು ಮಾವಾ?"

"ನಮ್ಮ ಮಂಗ್ಯಾ ಕವಣಿ ಎತ್ತಿದ್ರ ಓಡ್ತಾವ. ಇವು ಎತ್ತಿದ ಕೈಯಾಗ ಏನೈತಿ ಅಂತ ನೋಡಾಕ ಹತ್ತಿರ ಬರ್ತಾವ."

ಬದುವಿನ ಬೇವಿನ ಮರವನ್ನು ತೋರಿಸಿದ. ಇಲ್ಲಿನ ಹಿಂಡು ಹೊಸಬರನ್ನು ಸೇರಿಸಿಕೊಂಡಿರಲಿಲ್ಲ. ನಾಲ್ಕೋ ಐದೋ ಒಂದೇ ಕೊಂಬೆಯ ಮೇಲೆ ಒತ್ತಿಕೊಂಡು ಕೂತಿದ್ದುವು. ಒಂದರ ಹೊಟ್ಟೆಗೆ ಮರಿಯಿತ್ತು. ಅದೇ ತಾಯಿಯೋ ಬೇರೆಯೋ, ನನ್ನ ಕಣ್ಣಿಗೆ ಗೊತ್ತಾಗಲಿಲ್ಲ. ಇನ್ನೊಂದರ ಕಿವಿ ಹರಿದಿತ್ತು.

ಒಂದು ಗೊನೆಯನ್ನು ಮಾವ ಸುತ್ತದೆ ಬಿಟ್ಟಿದ್ದ. ಕೇಳಿದೆ.

"ಅವು ಏನ್ ತಿನ್ಬೇಕು ಮತ್ತ?" ಎಂದು ರೇಗಿದ. "ನಿಮ್ಮ ಓಣ್ಯಾಗ ಹೇಳು: ಹಿಡಿಯೋದಿದ್ರ ಮನಿ ಮಂದಿನೆಲ್ಲಾ ಕೂಡಿಸಿ ಹಿಡೀರಿ. ಬಿಡೋದಿದ್ರ ನನಗ ಮೊದಲ ಒಂದು ಮಾತು ತಿಳಿಸ್ರಿ."